ದುಡಿಮೆ ಪುಸ್ತಕ: ಸುಣ್ಣ ಸುಟ್ಟ ಕೈ (ಒಂಬತ್ತನೆಯ ಕಂತು)

"ಆ ಪಟ್ಟಿ ಬಿಚ್ಚಿ ಕೈ ತೋರಸ್ರಿ ಸಾವ್ಕಾರ್ರ."

ಕೊಟ್ರೇಶ ನಕ್ಕ. ಬಾಯಿ ಮಾತ್ರ ನಕ್ಕಿತು, ಕಣ್ಣು ಇದ್ದಲ್ಲೇ ಇತ್ತು. "ನೀ ಯಾವಾಗ ಡಾಕ್ಟರ್ ಆದಿ?"

"ಡಾಕ್ಟರ್ ಅಲ್ರಿ. ಹಳೇ ಕಾಗದ ಹುಡುಕಾಕಿ. ಕೈ ನೋಡಾಕ ಡಾಕ್ಟರೇ ಆಗಬೇಕಂತೇನಿಲ್ಲ."

ಮಾನ್ವಿಯ ಆ ಅಕ್ಕಿ ಗಿರಣಿಯ ಆಫೀಸಿನಲ್ಲಿ ನಾಲ್ಕು ಕುರ್ಚಿಗಳಿದ್ದವು. ಒಂದರಲ್ಲಿ ಕೊಟ್ರೇಶ ಕೂತಿದ್ದ, ಎರಡರ ಮೇಲೆ ಅಕ್ಕಿ ಸ್ಯಾಂಪಲ್‌ನ ಚೀಲಗಳಿದ್ದವು, ನಾಲ್ಕನೆಯದರ ಮೇಲೆ ಅವನ ಕಾಲಿತ್ತು. ತಹಮೀನಾ ಇಪ್ಪತ್ತು ನಿಮಿಷದಿಂದ ನಿಂತೇ ಇದ್ದಳು. ಕೂಡು ಅಂತ ಅವನು ಹೇಳಲಿಲ್ಲ, ಇವಳೂ ಕೇಳಲಿಲ್ಲ. ನಿಂತು ಮಾತಾಡುವುದರಲ್ಲಿ ಒಂದು ಅನುಕೂಲವಿದೆ, ಎದುರಿನವನ ತಲೆಯ ಬೋಳು ಚೆನ್ನಾಗಿ ಕಾಣುತ್ತದೆ.

ಭಾನುವಾರ ಮುಂಜಾನೆ ರಾಯಚೂರಿನ ಸರ್ವಕ್ರೀಡಾ ಮಂಡಳಿಯ ಮೈದಾನದಲ್ಲಿ ನಿವೃತ್ತ ಡ್ರಿಲ್ ಮಾಸ್ತರ ಹನುಮಂತ್ರಾಯರು ಗ್ಯಾಲರಿ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು, ಯಾರು ಎಷ್ಟು ತಾಸು ದುಡಿದರೆಂದು ಬರೆದಿಡುವ ಮಂಡಳಿಯ ದುಡಿಮೆ ಪುಸ್ತಕ ಅವರ ಚೀಲದಿಂದ ಮಾಯವಾಗಿತ್ತು, ಪಕ್ಕದಲ್ಲಿ ಸಿಕ್ಕಿದವನು ಮೈದಾನ ಕಾಯುವ ಅಯ್ಯಪ್ಪ. ಇಂದು ಮಂಗಳವಾರ. ಮಾಸ್ತರರಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಎಪ್ಪತ್ತು ದಾಟಿದ ಅಯ್ಯಪ್ಪನನ್ನು ಭಾನುವಾರವೇ ಠಾಣೆಗೆ ಒಯ್ದು, ನಿನ್ನೆ ಸಂಜೆ ಬಂಧನ ತೋರಿಸಿದ್ದರು, ಇಂದು ಐದು ಗಂಟೆಗೆ ಕೋರ್ಟಿಗೆ ಒಯ್ಯುವವರಿದ್ದರು. ಅಲ್ಲಿಂದ ಮುಂದೆ ಜೈಲು. ಉಬ್ಬಸದ ಮುದುಕ ಎಷ್ಟು ದಿನ ತಾಳುತ್ತಾನೋ ಹೇಳುವಂತಿರಲಿಲ್ಲ.

"ಆ ಹೊತ್ತಿಗೆ ಅಲ್ಲಿ ಇನ್ನೊಬ್ಬರು ಇದ್ದರು ಅಂತ ತೋರಿಸಿ, ಮುದುಕನ್ನ ನಾನೇ ಮನೆಗೆ ಬಿಟ್ಟು ಬರ್ತೀನಿ," ಎಂದಿದ್ದರು ಸರ್ಕಲ್ ಇನ್ಸ್‌ಪೆಕ್ಟರು. ಮಾತು ಮುಗಿಸುವಾಗ ಗಡಿಯಾರ ನೋಡಿದ್ದರು. ನಿನ್ನಿಂದ ಆಗದು ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದು ಎನ್ನುವುದು ತಹಮೀನಾಗೆ ತಿಳಿಯದ ವಿಷಯವೇನಲ್ಲ.

ತಹಮೀನಾ ಪತ್ತೇದಾರಿಣಿ ಅಂತ ಬೋರ್ಡು ಹಾಕಿಕೊಂಡವಳಲ್ಲ. ರಾಯಚೂರಿನ ನೋಂದಣಿ ಕಚೇರಿಯ ಎದುರಿಗೆ ಒಂದು ಮೇಜು, ಒಂದು ಭೂತಗನ್ನಡಿ, ನಿಜಾಮರ ಕಾಲದ ಉರ್ದು ಕಾಗದ ಓದುವ ವಿದ್ಯೆ, ಇಷ್ಟೇ ಅವಳ ಬಂಡವಾಳ. ಯಾರ ಹೊಲ ಯಾರ ಹೆಸರಿಗೆ ಯಾವಾಗ ಹೋಯಿತು ಅಂತ ಹುಡುಕಿ ಹುಡುಕಿ, ಮನುಷ್ಯರು ಸುಳ್ಳು ಹೇಳುವ ರೀತಿಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಅಯ್ಯಪ್ಪನ ಮಗಳು ಮೌನೇಶ್ವರಿ, ದೇವದುರ್ಗದ ಹೈಸ್ಕೂಲೊಂದರಲ್ಲಿ ಆಟದ ಟೀಚರು, ನಿನ್ನೆ ಆ ಮೇಜಿನ ಮುಂದೆ ಬಂದು ನಿಂತು, "ನಮ್ಮಪ್ಪನ್ನ ಬಿಡಸ್ರಿ ಅಕ್ಕಾ," ಎಂದಷ್ಟೇ ಹೇಳಿದ್ದಳು. ಅತ್ತಿರಲಿಲ್ಲ. ತಹಮೀನಾಗೆ ಅಳದವರನ್ನು ಕಂಡರೆ ಕರುಳು ಹಿಂಡುತ್ತದೆ.

ಇದೀಗ ಮೌನೇಶ್ವರಿ ಗಿರಣಿಯ ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರಿನ ಹತ್ತಿರ ನಿಂತಿದ್ದಳು. ಒಳಗೆ ಬರಬೇಡ ಅಂತ ತಹಮೀನಾಳೇ ತಡೆದಿದ್ದಳು.

"ಗಿರಣಿ ಬಾಯ್ಲರ್ ಹಬಿ ಹೊಡೀತು," ಎಂದ ಕೊಟ್ರೇಶ, ಪಟ್ಟಿ ಕಟ್ಟಿದ ಬಲಗೈ ಎತ್ತಿ. "ಅದನ್ನ ಕೇಳಾಕ ರಾಯಚೂರಿಂದ ಬಂದ್ಯೇನು?"

"ಹಬಿ ಹೊಡದ್ರ ಮುಂಗೈ ಸುಡತದ ಸಾವ್ಕಾರ್ರ. ಪಟ್ಟಿ ಹೊರಗ ಕಾಣೋ ನಿಮ್ಮ ಬೆರಳ ತುದಿ ಸುಲದಾವ. ಉಗುರ ಸಂದಿನಾಗ ಬೆಳ್ಳಗಾಗೇದ."

ಕೊಟ್ರೇಶ ಕೈಯನ್ನು ಮೇಜಿನ ಕೆಳಗೆ ಇಳಿಸಿದ. ಬೇಡವಾಗಿತ್ತು, ಇಳಿಸಬಾರದಿತ್ತು. ತಹಮೀನಾ ಮೊಬೈಲು ತೆಗೆದು ಅಕ್ಕಿ ಚೀಲದ ಮೇಲೆ ಇಟ್ಟಳು.

"ರೆಕಾರ್ಡ್ ಆಗಾಕತ್ತದ. ಕದ್ದು ಮಾಡಾಕಿ ನಾ ಅಲ್ಲ, ಹೇಳೇ ಮಾಡತೀನಿ. ನೀವು ಸುಮ್ಮನ ಕೂತ್ರ ಅದೂ ಆಗತದ."

"ನಮ್ಮ ಗಿರಣ್ಯಾಗ ನಿಂತು ನನಗ ಹೆದರಸಾಕತ್ತೀಯಾ?"

"ಮೊದಲು ಒಂದು ಕತಿ ಕೇಳ್ರಿ. ಜರ್ಮನಿದು. ಅದನ್ನ ಕೇಳೇ ನಿಮಗ ನಿದ್ದಿ ಹೋಗಿತ್ತು ಅಂತ ನನಗ ಅನುಮಾನ."

ಆ ಕತೆ ಅವಳಿಗೆ ಸಿಕ್ಕಿದ್ದು ಅದೇ ದಿನ ಮುಂಜಾನೆ, ದೇವದುರ್ಗದಲ್ಲಿ, ಮಾಸ್ತರರ ಮನೆಯ ಹೊಸ್ತಿಲ ಹೊರಗೆ. ಮಾಸ್ತರರ ಹೆಂಡತಿ ಬಾಗಿಲು ಅರ್ಧ ತೆರೆದು, "ಇದರ ಸಲುವಾಗೇ ಅಲ್ಲೇನು ನನ್ನ ಗಂಡ ಬಿದ್ದದ್ದು, ತಗೊಂಡು ಹಾಳಾಗಿ ಹೋಗ್ರಿ," ಎಂದು ದಪ್ಪ ಪುಸ್ತಕವೊಂದನ್ನು ಕಾಲ ಬುಡಕ್ಕೆ ಎಸೆದು ಬಾಗಿಲು ಬಡಿದಿದ್ದಳು. ಜರ್ಮನಿಯ ವೆಬರ್ಸ್‌ಬಾಖ್ ಎಂಬ ನೇಕಾರರ ಊರಿನ ಕ್ರೀಡಾ ಸಂಘ ತನ್ನ ನೂರಿಪ್ಪತ್ತೈದನೆಯ ವರ್ಷಕ್ಕೆ ಅಚ್ಚು ಹಾಕಿಸಿದ ಚರಿತ್ರೆ. ಮಾಸ್ತರರು ಅದನ್ನು ಎರಡು ವರ್ಷ ನಿಘಂಟು ಹಿಡಿದು ಕೂತು ಕನ್ನಡಕ್ಕೆ ತಂದಿದ್ದರು, ಅದರ ಮಾದರಿಯಲ್ಲೇ ರಾಯಚೂರಿನ ಮಂಡಳಿಯ ಚರಿತ್ರೆಯನ್ನೂ ಬರೆದಿದ್ದರು. ಟೈಪು ಮಾಡಿದ ಹಾಳೆಗಳು ನಡುನಡುವೆ ಇದ್ದವು. ಟೈಪು ಮಾಡಿಕೊಟ್ಟವಳು ಮೌನೇಶ್ವರಿ, ತನ್ನ ಶಾಲೆಯ ಕಂಪ್ಯೂಟರಿನಲ್ಲಿ.

ಚರಿತ್ರೆ ಅಂದರೆ ಕಪ್ಪು ಕೋಟಿನವರ ಸಾಲು ಫೋಟೋ ಅಂದುಕೊಂಡಿದ್ದ ತಹಮೀನಾ, ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕೂತು ಓದತೊಡಗಿದವಳು ಚಹಾ ತಣ್ಣಗಾದದ್ದನ್ನು ನೋಡಲಿಲ್ಲ.

ಆ ಊರಿನಲ್ಲಿ ಮೊದಲು ಇದ್ದದ್ದು ಮೀಸೆ ತಿರುವಿಕೊಂಡ ದೊಡ್ಡವರ ಕಸರತ್ತಿನ ಸಂಘ. ಮಗ್ಗದ ಆಳುಗಳಿಗೆ ಅಲ್ಲಿ ಕಂಬ ಹತ್ತುವ ಅವಕಾಶವಿತ್ತು, ಕೈ ಎತ್ತಿ ಮತ ಹಾಕುವ ಅವಕಾಶವಿರಲಿಲ್ಲ. ಸಾವಿರದ ಒಂಬೈನೂರಾ ಆರರಲ್ಲಿ ಹನ್ನೆರಡು ನೇಕಾರರು ಸಿಡಿದು ಹೊರಬಂದರು. ಊರ ಹೊರಗೆ ತಾವೇ ಇಟ್ಟಿಗೆ ಹೊತ್ತು ಒಂದು ಹಾಲ್ ಕಟ್ಟಿದರು. ಯಾರು ಎಷ್ಟು ತಾಸು ದುಡಿದರು ಅಂತ ಒಂದು ಪುಸ್ತಕದಲ್ಲಿ ಬರೆದು ಅವರವರ ಸಹಿ ಹಾಕಿಸಿದರು. ವರ್ಷಕ್ಕೆ ಹತ್ತು ತಾಸು ಸ್ವಂತ ಕೈಯಿಂದ ದುಡಿದವನೇ ಸದಸ್ಯ. ಕಸರತ್ತಿನ ಜೊತೆ ಕಾಲ್ಚೆಂಡು ಬಂತು, ಹ್ಯಾಂಡ್‌ಬಾಲ್ ಬಂತು, ಹೆಂಗಸರ ತಂಡವೂ ಬಂತು.

ಮೂವತ್ತಮೂರರಲ್ಲಿ ಹಿಟ್ಲರನ ಸರ್ಕಾರ ಕಾರ್ಮಿಕರ ಸಂಘಗಳನ್ನೆಲ್ಲ ಮುಚ್ಚಿಸಿತು. ಆ ಹಾಲ್ ಕಟ್ಟಡವನ್ನು ಕಿತ್ತುಕೊಂಡರು. ಬಾವುಟ ಸುಟ್ಟರು, ಸದಸ್ಯರ ಪಟ್ಟಿ ಸುಟ್ಟರು. ದುಡಿಮೆ ಪುಸ್ತಕವನ್ನು ಮಾತ್ರ ಸುಡಲಿಲ್ಲ, ಅಂಥದ್ದೊಂದು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಎಂದೂ ಇಟ್ಟಿಗೆ ಹೊರದವರಿಗೆ ಅದು ಹೊಳೆಯುವುದಾದರೂ ಹೇಗೆ? ಹೆಂಗಸರ ತಂಡದ ಒಬ್ಬಾಕೆ ಅದನ್ನು ಹಿಟ್ಟಿನ ಪೆಟ್ಟಿಗೆಯಲ್ಲಿಟ್ಟು ಹದಿನಾಲ್ಕು ವರ್ಷ ಕಾದಳು. ಯುದ್ಧ ಮುಗಿದ ಮೇಲೆ ಅದನ್ನೇ ಅಧಿಕಾರಿಗಳ ಮುಂದೆ ಇಟ್ಟು ಹಾಲ್ ವಾಪಸು ಪಡೆದರು. ಹಳೆಯ ಎರಡೂ ಸಂಘಗಳು ಒಂದಾದವು. ಈಗ ಅಲ್ಲಿ ಒಂಬತ್ತು ಆಟಗಳಿವೆ. ಈಗಲೂ ಪ್ರತಿ ಸದಸ್ಯ ವರ್ಷಕ್ಕೆ ಹತ್ತು ತಾಸು ಎಲೆ ಗುಡಿಸುತ್ತಾನೆ, ಗೆರೆ ಎಳೆಯುತ್ತಾನೆ, ಡಾಕ್ಟರಾಗಿರಲಿ ಮೇಯರಾಗಿರಲಿ.

ಪುಸ್ತಕ ಬಚ್ಚಿಟ್ಟ ಆ ಹೆಂಗಸಿನ ಮೊಮ್ಮಗ ಕ್ರಾಮರ್ ಎಂಬ ಇಂಜಿನಿಯರು. ಎಪ್ಪತ್ತೆಂಟರಲ್ಲಿ ಮಿಷನ್ನು ಕೂಡಿಸಲು ರಾಯಚೂರಿಗೆ ಬಂದವನು, ಎರಡು ವರ್ಷ ಇದ್ದು, ಕಲ್ಮಲ ರಸ್ತೆಯ ಬರಡು ನೆಲದಲ್ಲಿ ಏಳು ಜನರನ್ನು ಸೇರಿಸಿ ಸರ್ವಕ್ರೀಡಾ ಮಂಡಳಿ ಹುಟ್ಟಿಸಿದ. ಕುಸ್ತಿ, ಕಬಡ್ಡಿ, ವಾಲಿಬಾಲ್, ಖೋಖೋ. ಬೈಲಾದಲ್ಲಿ ತನ್ನೂರಿನ ಆ ಹತ್ತು ತಾಸಿನ ನಿಯಮವನ್ನೂ ಬರೆಸಿ ಹೋದ. ಆಗ ಅದು ಬರಡು ನೆಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಅಲ್ಲಿ ಮಂಡಳಿಯ ಅಧ್ಯಕ್ಷ ಕೊಟ್ರೇಶನಿಗೆ ಕಲ್ಯಾಣ ಮಂಟಪ ಕಟ್ಟಬೇಕಿದೆ.

"ಕತಿ ಮುಗೀತೇನು?" ಎಂದ ಕೊಟ್ರೇಶ.

"ಈಗ ನಿಮ್ಮ ಮನಿ ಕತಿ. ಏಳು ಮಂದ್ಯಾಗ ಒಬ್ರು ನಿಮ್ಮಪ್ಪ. ಹೆಸರು ಬರಸಿದ್ರು, ಗುದ್ದಲಿ ಹಿಡೀಲಿಲ್ಲ. ತಮ್ಮ ಹತ್ತು ತಾಸು ಮಾಡಾಕ ಗಿರಣಿ ಆಳು ಅಯ್ಯಪ್ಪನ್ನ ಕಳಿಸಿದ್ರು. ಕ್ರಾಮರ್ ಸಾಹೇಬ ಏನ್ ಮಾಡಿದ? ದುಡದಾವ ಯಾರೋ ಅವನ ಹೆಸರೇ ಬರದ, ಅವನ ಕಡಿಂದೇ ಸಹಿ ಹಾಕಿಸಿದ. ನಿಮ್ಮಪ್ಪಗ ಓದಿ ನೋಡಾಕ ಪುರಸೊತ್ತಿರಲಿಲ್ಲ. ಆಳು ಹೋಗಿ ಬಂದ, ಕೆಲಸ ಆತು ಅಂದ್ಕೊಂಡ್ರು."

ಕೊಟ್ರೇಶ ಎಡಗೈಯಿಂದ ಮೇಜಿನ ಮೇಲಿನ ಅಕ್ಕಿ ಕಾಳು ಗುಡಿಸಿದ.

"ನಲವತ್ತು ವರ್ಷಕ್ಕೂ ಹೆಚ್ಚು ಅಯ್ಯಪ್ಪಂದೇ ಸಹಿ ಸಾವ್ಕಾರ್ರ. ಮೂರು ವರ್ಷ ದುಡೀಲಾರದಾವನ ಹೆಸರು ತಾನಾಗೇ ಹೋಗತದ ಅಂತ ಬೈಲಾದಾಗ ಅದ. ಹಂಗ ನೋಡಿದ್ರ ನಿಮ್ಮಪ್ಪನೂ ಸದಸ್ಯ ಅಲ್ಲ, ನೀವೂ ಅಲ್ಲ. ನೀವು ಅಧ್ಯಕ್ಷ ಅಂತ ಹಾಕಿದ ಸಹಿ ಒಂದೂ ನಡೆಯಂಗಿಲ್ಲ. ಮೈದಾನದ ಮ್ಯಾಲ ಮಾತಾಡೋ ಹಕ್ಕು ಇರೋದು ಇವತ್ತು ಲಾಕಪ್‌ನ್ಯಾಗ ಕುಂತಾವಗ."

"ಬಾಯಿ ಬಿಗಿ ಹಿಡಿದು ಮಾತಾಡು."

"ಮಂಡಳಿ ಬೀರುವಿನ್ಯಾಗ ಸದಸ್ಯರ ಪಟ್ಟಿ ಹಂಗೇ ಅದ, ನಿಮ್ಮ ಹೆಸರು ಮೊದಲಿಗದ. ಕಳ್ಳ ಅದನ್ನ ಮುಟ್ಟಿಲ್ಲ, ದುಡಿಮೆ ಪುಸ್ತಕನೇ ಒಯ್ದಾನ. ಅಂದ್ರ ಅವಗ ಜರ್ಮನಿ ಕತಿ ಗೊತ್ತದ. ಮಾಸ್ತರು ಹೋದ ತಿಂಗಳು ನಿಮಗ ಅದನ್ನ ಓದಿ ಹೇಳ್ಯಾರ. ಸುಳ್ಳೇನು?"

ಹೊರಗೆ ಗಿರಣಿಯ ಸದ್ದು ಒಂದೇ ಸಮನೆ ನಡೆದಿತ್ತು. ಬಾಗಿಲಲ್ಲಿ ಇಣುಕಿದ ಹಮಾಲನೊಬ್ಬ ಸಾಹುಕಾರನ ಮುಖ ನೋಡಿ ಬಂದ ಹೆಜ್ಜೆಯಲ್ಲೇ ಹಿಂದೆ ಹೋದ.

"ಈಗ ಸುಣ್ಣಕ್ಕ ಬರೂಣು," ಎಂದಳು ತಹಮೀನಾ.

ಇದು ಅವಳ ತುರುಪು. ಭಾನುವಾರದ ಮೈದಾನವನ್ನು ಅವಳು ಸೋಮವಾರ ಮಧ್ಯಾಹ್ನ ಹೋಗಿ ನೋಡಿದ್ದಳು. ಪೊಲೀಸರು ರಕ್ತದ ಕಲೆ ಅಳೆದಿದ್ದರು, ಸುಣ್ಣದ ಡಬ್ಬಿಯನ್ನು ಯಾರೂ ತಿರುಗಿ ನೋಡಿರಲಿಲ್ಲ. ಕಬಡ್ಡಿ ಅಂಕಣಕ್ಕೆ ಗೆರೆ ಎಳೆಯಲು ಅಯ್ಯಪ್ಪ ಸುಣ್ಣದ ಹರಳನ್ನು ಹಿಂದಿನ ದಿನವೇ ನೀರಿಗೆ ಹಾಕಿ, ಕುದಿ ಇಳಿದು ತಣ್ಣಗಾದ ಮೇಲೆ ತೆಂಗಿನ ಚಿಪ್ಪಿನಿಂದ ತೆಗೆಯುತ್ತಾನೆ. ನಲವತ್ತು ವರ್ಷದಲ್ಲಿ ಒಮ್ಮೆಯೂ ಬೆರಳು ಅದ್ದಿದವನಲ್ಲ. ಆದರೆ ಗ್ಯಾಲರಿಯ ಹಿಂದೆ ನೀರಿನ ಟಾಕಿಯ ಬುಡದಲ್ಲಿ ಬೇರೊಂದು ಡಬ್ಬಿಯಿತ್ತು. ಹರಳು ಅರ್ಧಂಬರ್ಧ ಅರಳಿತ್ತು. ಅಂಚಿನಲ್ಲಿ ಐದು ಬೆರಳಿನ ಗುರುತಿತ್ತು. ಪಕ್ಕದ ನೆಲದಲ್ಲಿ ಎರಡು ಮಾರು ಗೆರೆ, ಹಾವು ಹರಿದಂತೆ ಸೊಟ್ಟಗೆ. ಕಬಡ್ಡಿ ಅಂಕಣ ಕಂಡವನು ಅಂಥ ಗೆರೆ ಎಳೆಯುವುದಿಲ್ಲ.

"ಸುಣ್ಣದ ಹರಳು ನೀರಿಗೆ ಬಿದ್ರ ಕುದೀತದ ಅಂತ ಅನ್ನಕ್ಕಿಲ್ಲದ ಮನಿ ಹುಡುಗರಿಗೂ ಗೊತ್ತು," ಎಂದಳು. "ಬರಿಗೈ ಹಾಕಿ ಕಲಸಾವ ಯಾರು? ಜನ್ಮದಾಗ ಗ್ವಾಡಿಗೆ ಸುಣ್ಣ ಬಳೀಲಾರದಾವ. ನಿಮ್ಮ ಹತ್ತು ತಾಸು ನೀವೇ ಮಾಡಿ ಪುಸ್ತಕದಾಗ ಸಹಿ ಹಾಕಬೇಕಂತ ಹೋಗಿದ್ರಿ. ಸಾವ್ಕಾರ ಸುಣ್ಣ ಕಲಸಾದು ಯಾರೂ ನೋಡಬಾರದಂತ ನಸುಕಿನ್ಯಾಗೇ ಹೋಗಿದ್ರಿ. ಮಾಸ್ತರು ನೋಡಿದ್ರು. ನಕ್ಕರೇನೋ, ಪುಸ್ತಕ ಕೊಡಂಗಿಲ್ಲ ಅಂದ್ರೇನೋ. ನೀವು ತಳ್ಳಿದ್ರಿ."

ಹೇಳಿ ಮುಗಿಸಿದಾಗ ಅವಳಿಗೆ ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ, ಚೆನ್ನಾಗಿಯೇ ಆಯಿತು. ಇಪ್ಪತ್ತು ನಿಮಿಷ ನಿಲ್ಲಿಸಿದ್ದಕ್ಕೆ ಇದು ಸರಿಯಾದ ಜವಾಬು ಅನ್ನಿಸಿತು.

ಕೊಟ್ರೇಶ ನಾಲ್ಕನೆಯ ಕುರ್ಚಿಯಿಂದ ಕಾಲು ಇಳಿಸಿದ. ಆಮೇಲೆ ಪಟ್ಟಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಬೆರಳ ಸಂದುಗಳೆಲ್ಲ ಬೆಳ್ಳಗೆ ಬಿರಿದು ಸುಲಿದಿದ್ದವು.

"ನೋಡು. ಹೊಟ್ಟಿ ತಣ್ಣಗಾಗಲಿ," ಎಂದ. "ಹೌದು, ಸುಣ್ಣ ಕಲಸಿದಾವ ನಾನೇ. ಐದೂವರಿಗೆ ಹೋಗಿದ್ದೆ."

ತಹಮೀನಾಗೆ ಇಷ್ಟು ಸಾಕಿತ್ತು. ಇನ್ಸ್‌ಪೆಕ್ಟರು ಕೇಳಿದ ಇನ್ನೊಬ್ಬ ಮನುಷ್ಯ ಇವನೇ. ಈ ಒಂದು ಮಾತಿಗೆ ಅಯ್ಯಪ್ಪ ಹೊರಗೆ ಬರುತ್ತಾನೆ.

"ಅದು ಇನ್ನೂ ಓಡಾಕತ್ತದಿಲ್ಲ?" ಕೊಟ್ರೇಶ ಮೊಬೈಲಿನ ಕಡೆ ಗದ್ದ ತೋರಿಸಿದ. "ಬಂದ್ ಮಾಡಬ್ಯಾಡ. ಮುಂದಿಂದೂ ಹಿಡಕೋ. ಮಾಸ್ತರ್ನ ನಾ ತಳ್ಳಿಲ್ಲ. ತಳ್ಳಿದ್ದು ನೋಡೀನಿ."

"ಅಯ್ಯಪ್ಪನ ಹೆಸರು ಹೇಳಾವ್ರಿದ್ರ..."

"ಅಯ್ಯಪ್ಪ ಅಲ್ಲ. ಅವನ ಮಗಳು."

ಗಿರಣಿಯ ಸದ್ದು ಆ ಗಳಿಗೆಗೆ ದೂರ ಸರಿದಂತಾಯಿತು.

"ಸುಳ್ಳಿಗೂ ಒಂದು ಅಳತಿ ಇರಬೇಕು ಸಾವ್ಕಾರ್ರ. ಮಾಸ್ತರು ಆಕಿ ಅಪ್ಪನ ಹೆಸರನ್ನ ಮಂಡಳಿ ಚರಿತ್ರ್ಯಾಗ ಬರದವರು. ಆಕಿ ಯಾಕ ತಳ್ಳತಾಳ?"

ಕೊಟ್ರೇಶ ಎಡಗೈಯಿಂದ ಡ್ರಾಯರ್ ಎಳೆದು ಅಚ್ಚಿನ ಕರಡು ಹಾಳೆಯೊಂದನ್ನು ಅವಳತ್ತ ತಳ್ಳಿದ. ಮಂಡಳಿಯ ಚರಿತ್ರೆಯ ಮೊದಲ ಪುಟ. ಸ್ಥಾಪಕರು ಎಂಬ ಸಾಲಿನ ಕೆಳಗೆ ಏಳು ಹೆಸರು, ಅವುಗಳ ಕೆಳಗೆ ಅಯ್ಯಪ್ಪನ ದುಡಿಮೆಯ ಬಗ್ಗೆ ಒಂದು ಪ್ಯಾರಾ. ಆ ಇಡೀ ಪ್ಯಾರಾದ ಮೇಲೆ ಕೆಂಪು ಶಾಯಿಯ ಗೀಟು. ಅಂಚಿನಲ್ಲಿ 'ತೆಗೆಯಿರಿ' ಎಂದು ಬರೆದು ಸಹಿ ಮಾಡಿದ್ದರು. ತಹಮೀನಾ ಚೀಲದಿಂದ ಭೂತಗನ್ನಡಿ ತೆಗೆದಳು. ಬೇಕಿರಲಿಲ್ಲ. ಆ ಅಕ್ಷರವನ್ನು ಮುಂಜಾನೆಯಷ್ಟೇ ಜರ್ಮನ್ ಪುಸ್ತಕದ ಅಂಚಿನ ತುಂಬಾ ನೋಡಿದ್ದಳು. ಮಾಸ್ತರರದೇ ಕೈ.

"ನಾ ಹೆದರಸಿದೆ, ಮಾಸ್ತರ ಹೆದರಿದ," ಎಂದ ಕೊಟ್ರೇಶ, ಅಕ್ಕಿ ದರ ಹೇಳುವ ಧಾಟಿಯಲ್ಲಿ. "ಅವನ ಮಗನ ನೌಕರಿ ನಮ್ಮ ಬೀಗರ ಕಾಲೇಜಿನ್ಯಾಗದ. ಶನಿವಾರ ಅಯ್ಯಪ್ಪನ ಹೆಸರು ಹೊಡದು ಹಾಕಿದ. ರವಿವಾರ ಆಕಿಗೆ ಗೊತ್ತಾತು. ಮೆಟ್ಟಲ ಮ್ಯಾಲ ನಿಂತು ಜಗಳ ತೆಗದ್ಳು. ಪುಸ್ತಕ ನನ್ನ ಕೈಯಾಗ ಕೊಡ್ರಿ, ನಿಮ್ಮ ಕೈಯಾಗ ಇನ್ನ ಇರಬಾರದು ಅಂದ್ಳು. ಇವ ಚೀಲ ಬಿಡವಲ್ಲ. ಆಕಿ ಜಗ್ಗಿದ್ಳು. ಮಾಸ್ತರ ಕೆಳಗ, ಚೀಲ ಆಕಿ ಕೈಯಾಗ. ಅಯ್ಯಪ್ಪ ಆಮ್ಯಾಲೆ ಬಂದ. ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತ. ಆಕಿಗೆ ಹೋಗು ಅಂತ ಕೈ ಮಾಡಿದ್ದು ನಾ ಟಾಕಿ ಹಿಂದ ನಿಂತು ನೋಡೀನಿ."

"ಎರಡು ದಿನ ಯಾಕ ಸುಮ್ಮನಿದ್ರಿ?"

"ಹೇಳಿದ್ರ ನೀ ಅಲ್ಲಿ ಏನ್ ಮಾಡಾಕತ್ತಿದ್ದಿ ಅಂತ ಕೇಳ್ತಾರಲ್ಲ. ಮಾನ್ವಿ ಸಾವ್ಕಾರ ಸುಣ್ಣ ಕಲಸಾಕ ಹೋಗಿದ್ದ ಅಂತ ಹೇಳ್ಕೋಬೇಕೇನು? ಮುಚಗೊಂಡು ಕುಂತಿದ್ದೆ. ನೀ ಬಂದು ಬಿಚ್ಚಿಸಿದಿ." ಅವನು ಮುಂದೆ ಬಾಗಿದ. "ಒಯ್ದು ಕೊಡು ಇನ್ಸ್‌ಪೆಕ್ಟರ್‌ಗೆ. ಮುದುಕ ಹೊರಗ ಬರ್ತಾನ, ಮಗಳು ಒಳಗ ಹೋಗ್ತಾಳ. ಭೇಷ್ ಕೆಲಸ ಮಾಡಿದಿ."

ತಹಮೀನಾ ಮೊಬೈಲು ಎತ್ತಿಕೊಂಡಳು. ರೆಕಾರ್ಡು ನಿಲ್ಲಿಸಿ ಸೆರಗಿನಲ್ಲಿ ಸುತ್ತಿಕೊಂಡಳು. ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು. ಸುತ್ತಲಿನವರನ್ನೆಲ್ಲ ಭಾನುವಾರ ಮುಂಜಾನೆ ಎಲ್ಲಿದ್ದಿರಿ ಅಂತ ಕೇಳಿ ಪೀಡಿಸಿದ್ದಳು, ಹಮಾಲರನ್ನೂ ಬಿಟ್ಟಿರಲಿಲ್ಲ. ಮೌನೇಶ್ವರಿಯನ್ನು ಕೇಳಿರಲಿಲ್ಲ. ಅಳದೆ ನಿಂತ ಹುಡುಗಿಯನ್ನು ಕಂಡು ಕರಗಿ, ದೇವದುರ್ಗದವಳು ದೇವದುರ್ಗದಲ್ಲೇ ಇದ್ದಳು ಅಂತ ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು. ನಿನ್ನೆ ಲಾಕಪ್ಪಿನ ಕಂಬಿ ಹಿಡಿದು ಅಯ್ಯಪ್ಪ ಒಂದೇ ಒಂದು ಮಾತೂ ಆಡದೆ ನಿಂತದ್ದು ನೆನಪಾಯಿತು. ಅದನ್ನು ಅವಳು ಹೆದರಿಕೆ ಅಂದುಕೊಂಡಿದ್ದಳು.

ಕೊಟ್ರೇಶ ಹೇಳಿದ್ದೆಲ್ಲ ಕಟ್ಟುಕತೆಯೂ ಇರಬಹುದು. ಕೈ ಸುಟ್ಟವನು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಹೊಸದೇನಲ್ಲ. ಆದರೆ ಅವನು ಅದನ್ನು ಹೇಳಿದ ರೀತಿಯಲ್ಲಿ ಅವಸರವಿರಲಿಲ್ಲ, ಅದೇ ಅವಳನ್ನು ಕೊರೆಯತೊಡಗಿತು.

ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಹರವಿದ ಭತ್ತದ ನಡುವೆ ದಾರಿ ಮಾಡಿಕೊಂಡು ಬೇವಿನ ಮರದ ಹತ್ತಿರ ಬಂದಳು. ಮೌನೇಶ್ವರಿ ಮುಖ ನೋಡಿದಳೇ ಹೊರತು ಏನಾಯಿತು ಅಂತ ಕೇಳಲಿಲ್ಲ.

"ರವಿವಾರ ನಸುಕಿನ್ಯಾಗ ಎಲ್ಲಿದ್ದಿ ಮೌನಾ?"

ಮೌನೇಶ್ವರಿ ಸ್ಕೂಟರಿನ ಸೀಟಿನ ಧೂಳು ಒರೆಸಿದಳು.

ತಹಮೀನಾ ಮೊಬೈಲು ಮುಂದೆ ಹಿಡಿದು ರೆಕಾರ್ಡಿನ ಕೊನೆಯ ಭಾಗ ಹಾಕಿದಳು. ಕೊಟ್ರೇಶನ ದನಿ ಗಿರಣಿಯ ಸದ್ದಿನ ನಡುವೆ ಒರಟಾಗಿ ಬಂತು. ಅಯ್ಯಪ್ಪ ಅಲ್ಲ. ಅವನ ಮಗಳು. ಮೌನೇಶ್ವರಿ ತಲೆ ಬಗ್ಗಿಸಿ ಪೂರ್ತಿ ಕೇಳಿದಳು. ಅಪ್ಪ ಕೈ ಮಾಡಿ ಹೋಗು ಅಂದದ್ದು ಬಂದಾಗ ಮಾತ್ರ ಕಣ್ಣು ಮುಚ್ಚಿದಳು.

"ಸುಳ್ಳು ಅನ್ನು," ಎಂದಳು ತಹಮೀನಾ. ದನಿ ಗದರಿದಂತೆ ಬಂದರೂ ಅದು ಬೇಡಿಕೆಯೇ ಆಗಿತ್ತು. "ಒಂದು ಮಾತು ಸುಳ್ಳು ಅನ್ನು ಸಾಕು, ಆ ಮನಿಷಾನ್ನ ನಾ ನೋಡ್ಕೋತೀನಿ."

"ಇದನ್ನ ಕೊಟ್ರ ಅಪ್ಪ ಇವತ್ತೇ ಮನಿಗೆ ಬರ್ತಾನೇನ್ರೀ ಅಕ್ಕಾ?"

"ನಾ ಕೇಳಿದ್ದು ಅದಲ್ಲ."

"ನಾ ಕೇಳಿದ್ದಕ್ಕ ಹೇಳ್ರಿ. ಬರ್ತಾನ?"

ತಹಮೀನಾ ರಸ್ತೆಯ ಕಡೆ ನೋಡಿದಳು. ರಾಯಚೂರಿನ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಗಂಟೆ ಮೂರು ಆಗಿತ್ತು.

"ಬರ್ತಾನ."

ಮೌನೇಶ್ವರಿ ಸ್ಕೂಟರಿನ ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ಟು ತೆಗೆದು ಅವಳ ಕೈಗೆ ಕೊಟ್ಟಳು.

"ಹಂಗಾರ ನಡೀರಿ," ಎಂದಳು. "ಐದಕ್ಕ ಇನ್ನ ಎರಡೇ ತಾಸು ಅದ."